ಗೋಧಿ ವೃತ್ತದ ನಡುವೆ ನಿಂತವನು

ಪೈರು ಮಲಗಿಸಿ ಬರೆದ ಈ ವೃತ್ತ ಮನುಷ್ಯರು ಮಾಡಿದ್ದೇ ಕಣಮ್ಮ, ಮನುಷ್ಯರೇ! ಮಾಡಿದವನೇ ನಿನ್ನ ಮುಂದೆ ನಿಂತು ಹೇಳ್ತಿದೀನಿ, ಇನ್ನೇನು ಸಾಕ್ಷಿ ಬೇಕು? ಹಾಗೆ ನೋಡಬೇಡ ಮೇವಿಸ್. ಬಿಸಿಲಿಗೆ ನನ್ನ ತಲೆ ಕೆಟ್ಟಿಲ್ಲ. ಕುಡಿದೂ ಇಲ್ಲ... ಬೇಕಾದ್ರೆ ಬಾಯಿ ಮೂಸಿ ನೋಡು. ಹ್ಞಾಂ, ನಕ್ಕೆ! ನಕ್ಕೆ ನಕ್ಕೆ, ನಾನು ನೋಡಿದೆ, ತುಟಿ ಇಷ್ಟೇ ಇಷ್ಟು ಅಲ್ಲಾಡ್ತು. ಕಾರು ಹತ್ತಿದಾಗಿಂದ ಮಾತಿಲ್ಲ ಕತೆಯಿಲ್ಲ. ಅಷ್ಟಾದ್ರೂ ಆಯ್ತಲ್ಲ.

ಬಾ, ಇನ್ನೊಂಚೂರು ಈ ಕಡೆ ಬಾ. ಟೋಪಿ ಹಿಡ್ಕೋ, ಗುಡ್ಡದ ಕಡೆಯಿಂದ ಗಾಳಿ ಬರ್ತಿದೆ. ಇದೇ ನಡು. ಕೂತ್ಕೋತೀಯಾ? ಕೋಟು ಹಾಸ್ತೀನಿ... ಬೇಡ್ವಾ? ಸರಿ, ನಿಂತೇ ಇರು. ಈ ವೃತ್ತಕ್ಕೆ ಕೈ ಮುಗಿಯೋಕೆ ಬಂದಿರೋ ಆ ಡೋಲು ಬಡಿಯೋ ಹುಡುಗಿ, ಅವಳ ಗುಂಪು, ಎಲ್ಲಾ ಪಬ್ಬಿಗೆ ಊಟಕ್ಕೆ ಹೋಗಿದಾರೆ. ಅವರು ಬರೋದ್ರೊಳಗೆ ಹೇಳಿ ಮುಗಿಸಿಬಿಡ್ತೀನಿ. ಮೊನ್ನೆ ಬೆಳಿಗ್ಗೆ ಅವಳು ನನ್ನ ಎರಡೂ ಕೈ ಹಿಡ್ಕೊಂಡು, "ತಾತಾ, ಇದು ನಕ್ಷತ್ರದವರು ಬರೆದ ಓಲೆ, ಕಣ್ಣು ಮುಚ್ಚಿ, ಕಾಲಲ್ಲಿ ಬಿಸಿ ಗೊತ್ತಾಗುತ್ತೆ" ಅಂದ್ಲು. ಮುಚ್ಚಿದೆ. ಏನ್ಮಾಡ್ಲಿ? ರಾತ್ರಿಯೆಲ್ಲ ಹಲಗೆ ತುಳಿದು ಎರಡೂ ಮೊಣಕಾಲು ಬಾತ್ಕೊಂಡಿದ್ವು. ಬಿಸಿ ನಿಜವಾಗ್ಲೂ ಇತ್ತು!

ನಗಲ್ವಾ ಇದಕ್ಕೆ? ವಿಲ್ಫ್ ಆಗಿದ್ರೆ ಹೊಟ್ಟೆ ಹಿಡ್ಕೊಂಡು ಉರುಳಾಡ್ತಿದ್ದ.

ನೋಡಿದ್ಯಾ, ಅವನ ಹೆಸರು ಬಂದ ತಕ್ಷಣ ಮುಖ ಆ ಕಡೆ ಹೋಯ್ತು. ವಸಂತದಲ್ಲಿ ಅವನನ್ನ ಮಣ್ಣು ಮಾಡಿ ಬಂದ ದಿನದಿಂದ ನಿನ್ನ ಬಾಯಲ್ಲಿ ಅವನ ಹೆಸರು ಬಂದಿಲ್ಲ. ನನಗೆ ಗೊತ್ತು. ಕಲ್ಲು ಕೆತ್ತೋನು ದಾರೀಲಿ ಹಿಡಿದು ನಿಲ್ಲಿಸಿದ. "ಮೇಷ್ಟ್ರೇ, ಆ ಯಮ್ಮನಿಗೆ ನೀವಾದ್ರೂ ಹೇಳಿ. ಗಂಡನ ಹೆಸರಿನ ಕೆಳಗೆ, ಮುಂದೆ ತಾನು ಹೋದಾಗ ತನ್ನ ಹೆಸರು ಕೆತ್ತೋಕೆ ಜಾಗ ಬಿಡಬೇಕೋ ಬೇಡವೋ, ಒಂದು ಮಾತು ಹೇಳ್ಲಿ. ಕಲ್ಲು ಹಾಗೇ ಬಿದ್ದಿದೆ, ನಾಳೆ ಉಳಿ ಹಿಡಿಯೋನೇ" ಅಂದ. ನಮ್ಮೂರಲ್ಲಿ ಗಂಡನ ಗೋರಿಕಲ್ಲಿನ ಮೇಲೆ ಹೆಂಡತಿಗೆ ಜಾಗ ಬಿಡದೇ ಇದ್ದದ್ದು ಯಾರಾದ್ರೂ ಕಂಡಿದಾರಾ? ಕುಡುಕರ ಹೆಂಡ್ತೀರೂ ಬಿಟ್ಟಿದಾರೆ, ಹೊಡಿಯೋರ ಹೆಂಡ್ತೀರೂ ಬಿಟ್ಟಿದಾರೆ. ಆ ಖಾಲಿ ಜಾಗ ಇಲ್ಲದೇ ಇದ್ರೆ ಹೋಗೋರು ಬರೋರೆಲ್ಲ ಓದ್ತಾರೆ ಮೇವಿಸ್. ಬರೆದದ್ದಕ್ಕಿಂತ ಅದನ್ನೇ ಜಾಸ್ತಿ ಓದ್ತಾರೆ.

ಊರಿನ ಗುಸುಗುಸು ನನ್ನ ಕಿವಿಗೂ ಬಿದ್ದಿದೆ. ಬೇಸಿಗೆ ಬಂತು ಅಂದ್ರೆ ವಿಲ್ಫ್ ರಾತ್ರಿ ಮನೇಲಿರ್ತಿರಲಿಲ್ಲ, ಮೀನು ಹಿಡಿಯೋದು ಬರೀ ನೆಪ, ಎಲ್ಲೋ ಯಾರನ್ನೋ ಇಟ್ಕೊಂಡಿದ್ದ ಅಂತ. ನೀನೂ ಅದನ್ನೇ ನಂಬ್ಕೊಂಡು ಕೂತಿದೀಯ. ಮೀನು ನೆಪ ಅನ್ನೋದು ನಿಜ. ಒಪ್ತೀನಿ! ಒಂದು ಮೀನಾದ್ರೂ ಮನೆಗೆ ಬಂತಾ? ಆ ಕಾಲುವೇಲಿ ಹಿಡಿದದ್ದನ್ನ ವಾಪಸು ನೀರಿಗೇ ಬಿಡಬೇಕು ಅನ್ನೋ ರೂಢಿ ಇರೋದು ಅವನ ಪುಣ್ಯ. ಆದ್ರೆ ಅವನು ಹೋಗ್ತಿದ್ದದ್ದು ಯಾವ ಹೆಂಗಸಿನ ಹತ್ರಾನೂ ಅಲ್ಲ. ಇಲ್ಲಿಗೆ. ಗೋಧಿ ಹೊಲಕ್ಕೆ. ನೀನು ನಿಂತಿದೀಯಲ್ಲ, ಅಲ್ಲಿ ನಿಂತಿರ್ತಿದ್ದ. ಸರಿಯಾಗಿ ನಡುವೆ.

ಯಾಕೆ ಹೇಳ್ಲಿಲ್ಲ ಅಂತೀಯಾ? ಹೇಳೋ ಹಾಗಿಲ್ಲ! ಇದನ್ನ ಮಾಡೋರಿಗೆ ಇರೋದು ಒಂದೇ ಕಟ್ಟುಪಾಡು. ಮಾಡಿದವನು ಮಾಡಿದೆ ಅನ್ನಬಾರದು. ಹೆಂಡತಿಗೂ ಇಲ್ಲ, ಪಾದ್ರಿಗೂ ಇಲ್ಲ. ಅಂದ ತಕ್ಷಣ ಅದು ಬರೀ ತುಳಿದ ಪೈರು. ಅನ್ನದೇ ಇದ್ರೆ ಆ ಹುಡುಗಿ ಬಂದು ಅಳ್ತಾಳೆ, ಯಾರೋ ಮುದುಕಿ ಬಂದು ಮಂಡಿಯೂರ್ತಾಳೆ. ಇವತ್ತು ನಿನಗೋಸ್ಕರ ಆ ಕಟ್ಟು ಮುರೀತಿದೀನಿ. ನಿಮ್ಮನೇಲಿ ಮಾಡ್ತಿದ್ದ ಆ ಭಾನುವಾರದ ಊಟಕ್ಕೋಸ್ಕರ ಅಲ್ಲ, ಹಾಗಂದ್ಕೋಬೇಡ. ಅವನು ಹೋದ್ಮೇಲೆ ನೀನು ಕರೀಲಿಲ್ಲ, ನಾನು ಬರ್ಲಿಲ್ಲ. ದುಃಖದ ಮನೆ, ಅರ್ಥ ಆಗುತ್ತೆ. ಒಂಟಿ ಮನುಷ್ಯ, ಡಬ್ಬಿ ಸೂಪು ಬಿಸಿ ಮಾಡ್ಕೊಂಡ್ರೆ ಆಯ್ತು, ನನಗೇನು.

ಸರಿ. ಹಗ್ಗ ತಗೋ. ತಗೋಮ್ಮಾ, ಕಚ್ಚಲ್ಲ! ತುದೀನ ಹೊಟ್ಟೆ ಹತ್ರ ಹೀಗೆ ಹಿಡಿ. ನಾನು ಈ ತುದಿ ಹಿಡಿದು ಬಿಗಿಯಾಗಿ ಎಳ್ಕೊಂಡು ನಿನ್ನ ಸುತ್ತ ನಡೀತೀನಿ. ನೀನು ನಿಂತಲ್ಲೇ ತಿರುಗಿದ್ರೆ ಸಾಕು. ವೃತ್ತ ತಾನಾಗೇ ಬರುತ್ತೆ. ಆಮೇಲೆ ಹಲಗೆ. ಎರಡೂ ತುದಿಗೆ ದಾರ, ದಾರ ಕೈಯಲ್ಲಿ, ಕಾಲು ಹಲಗೆ ಮೇಲೆ, ತುಳಿ, ಎತ್ತು, ಮುಂದೆ ಇಡು, ತುಳಿ. ಪೈರು ಮಲಗಿಬಿಡುತ್ತೆ. ಹಸಿ ಇದ್ದಾಗ ಬಗ್ಗುತ್ತೆ, ಆಮೇಲೆ ಬಿಸಿಲಿಗೆ ತಲೆ ಎತ್ತುತ್ತೆ. ಈಗ ಹಣ್ಣಾಗಿದೆ, ಮುರಿದೇ ಹೋಗುತ್ತೆ. ಈ ವರ್ಷ ತಡ ಮಾಡ್ಬಿಟ್ಟೆ. ಮಾಡೋದೋ ಬೇಡವೋ ಅಂತ ಯೋಚನೆ ಮಾಡ್ತಾ ಕೂತೆ.

ಈಗ ಚಂದ ನೋಡು. ಆಕಳಿಸ್ಬೇಡ! ನನ್ನ ತರಗತೀಲೂ ಹೀಗೇ ಆಕಳಿಸೋರು. ವೃತ್ತ ಎಳೆದ ಅದೇ ಹಗ್ಗಾನ ಅಂಚಿನ ಮೇಲೆ ಇಟ್ಕೊಂಡು ಹೋಗು. ಇಲ್ಲೊಂದು ಗುರುತು, ಅಲ್ಲೊಂದು, ಅಲ್ಲೊಂದು. ಆರನೇ ಸಲಕ್ಕೆ ಹೊರಟಲ್ಲಿಗೇ ಬಂದು ಕೂರುತ್ತೆ. ಒಂದು ಕೂದಲೆಳೆ ಹೆಚ್ಚಿಲ್ಲ, ಕಡಿಮೆಯಿಲ್ಲ! ಮೂವತ್ತು ವರ್ಷ ಮಕ್ಕಳಿಗೆ ಇದನ್ನ ಬರೆದು ತೋರಿಸಿದೀನಿ, ಇವತ್ತಿಗೂ ಮೈ ಜುಂ ಅನ್ನುತ್ತೆ. ಯಾರು ಹೇಳಿದ್ರು ಅದಕ್ಕೆ ಹಾಗೆ ಬಂದು ಕೂರು ಅಂತ? ಒಂದು ಬಿಟ್ಟು ಒಂದು ಗುರುತು ಸೇರಿಸಿದ್ರೆ ತ್ರಿಕೋನ. ಅದರೊಳಗೆ ಮೂರು ಬದೀನೂ ಮುಟ್ಟೋ ಹಾಗೆ ಇನ್ನೊಂದು ವೃತ್ತ ಬೇಕಾ? ಲೆಕ್ಕ ಬೇಡ, ಕಾಗದ ಬೇಡ. ಹಗ್ಗಾನ ಎರಡು ಮಡಿ ಮಾಡು, ಸುತ್ತು. ಸರಿಯಾಗಿ ಅರ್ಧ. ಕತ್ತಲಲ್ಲೂ ತಪ್ಪಲ್ಲ.

ಆದ್ರೆ ಇದು ಆರಲ್ಲ. ನಿನ್ನ ಸುತ್ತ ಇರೋ ಈ ಹೂವಿನ ದಳ ಎಣಿಸು... ಹ್ಞೂಂ, ಏಳು! ನಿಂತಲ್ಲೇ ತಿರುಗಿ ಎಣಿಸಿದ್ಯಲ್ಲ, ಜಾಣೆ. ಏಳು ಮಾತ್ರ ಹಗ್ಗಕ್ಕೆ ಸಿಗಲ್ಲ ಮೇವಿಸ್. ಆರು ಸಿಗುತ್ತೆ, ಎಂಟು ಸಿಗುತ್ತೆ, ಒದ್ದಾಡಿದ್ರೆ ಐದೂ ಸಿಗುತ್ತೆ. ಏಳು ಯಾರಿಗೂ ಸಿಕ್ಕಿಲ್ಲ, ಸಿಗೋದೂ ಇಲ್ಲ. ಹಿಂದಿನ ಕಾಲದ ದೊಡ್ಡ ದೊಡ್ಡ ತಲೆಗಳೇ ಕೈ ಚೆಲ್ಲಿದ್ವು. ಹಾಗಾದ್ರೆ ಇದು ಹೇಗೆ ಬಂತು ಅಂತೀಯಾ? ಮೋಸ! ಆ ತ್ರಿಕೋನದ ಒಂದು ಬದಿ ತಗೊಂಡು ಅರ್ಧ ಮಾಡೋದು. ಆ ಅರ್ಧಾನ ಅಂಚಿನ ಮೇಲೆ ಏಳು ಸಲ ಇಡೋದು. ಬಂತು, ಬಂತು, ಬಂದೇಬಿಡ್ತು ಅನ್ನೋಷ್ಟು ಹತ್ತಿರ ಬರುತ್ತೆ. ಬರಲ್ಲ. ಒಂದು ಗೇಣು ಸಂದಿ ಉಳ್ಕೊಳ್ಳುತ್ತೆ. ಆ ಗೇಣನ್ನ ಒಂದೇ ದಳಕ್ಕೆ ಬಿಟ್ಟರೆ ಗುಡ್ಡದ ಮೇಲೆ ಸುಣ್ಣದ ನೆಲದಲ್ಲಿ ಕೊರೆದಿರೋ ಬಿಳಿ ಕುದುರೆ ಹತ್ರ ನಿಂತ ಯಾವ ಮಗೂನೂ ಹೇಳುತ್ತೆ, ಅದು ಓರೆ ಅಂತ. ಅದಕ್ಕೇ ಏಳಕ್ಕೂ ಹಂಚಬೇಕು. ಇಲ್ಲೆರಡು ಬೆರಳಗಲ, ಅಲ್ಲೆರಡು ಬೆರಳಗಲ. ಸುಳ್ಳನ್ನ ಎಲ್ಲಾ ಕಡೆ ಸಮನಾಗಿ ಸವರಿಬಿಟ್ರೆ ಕಣ್ಣಿಗೆ ಕಾಣಲ್ಲ...

ಏನು? ಯಾಕೆ ಹಾಗೆ ನೋಡ್ದೆ? ನಾನು ರೇಖಾಗಣಿತದ ಮಾತು ಹೇಳ್ತಿದೀನಿ ಕಣಮ್ಮ!

ಈಗ ಮುಖ್ಯವಾದ್ದು ಕೇಳು. ನಿನ್ನ ಕಾಲ ಹತ್ರ ಬಗ್ಗಿ ಗೋಧಿ ಸರಿಸು. ತೂತು ಕಾಣ್ತಾ? ಗೂಟ ಹೊಡೆದ ತೂತು. ಈ ಸಲ ಒಬ್ಬನೇ ಮಾಡಿದ್ನಲ್ಲ, ವಿಲ್ಫ್ ಜಾಗದಲ್ಲಿ ಗೂಟ ನಿಲ್ಲಿಸಿದೆ. ಆದ್ರೆ ಹಿಂದಿನ ಯಾವ ವೃತ್ತದಲ್ಲೂ ಒಂದೇ ಒಂದು ತೂತು ಯಾರಿಗೂ ಸಿಕ್ಕಿಲ್ಲ! ಪರೀಕ್ಷೆ ಮಾಡೋರು ಬರ್ತಾರೆ, ನೆಲಕ್ಕೆ ಮೂಗಿಟ್ಟು ಹುಡುಕ್ತಾರೆ, ತೂತಿದ್ರೆ ಮನುಷ್ಯರದ್ದು, ಇಲ್ಲದಿದ್ರೆ ದೇವರದ್ದು ಅಂತಾರೆ. ನಮ್ಮದು ಯಾವಾಗ್ಲೂ ದೇವರದ್ದೇ. ಯಾಕೆ ಹೇಳು? ನಡುವೆ ವಿಲ್ಫ್ ಇದ್ದ. ಗೂಟ ಇಲ್ಲ, ಕುರ್ಚಿ ಗಿರ್ಚಿ ಏನೂ ಇಲ್ಲ, ಕುರ್ಚಿ ಇಟ್ರೆ ಅದರ ಕಾಲು ಮಣ್ಣಲ್ಲಿ ಇಳಿಯುತ್ತೆ. ಬರೀ ಎರಡು ಕಾಲ ಮೇಲೆ ನಿಂತ ಮನುಷ್ಯ. ನಾನು ಸುತ್ತಿ ಮುಗಿಸೋವರೆಗೂ, ಎಲ್ಲಾ ದಳ ಅಳೆದು ಮುಗಿಸೋವರೆಗೂ, ಬೆಳಕು ಹರಿಯೋವರೆಗೂ ನಿಂತೇ ಇರ್ತಿದ್ದ. ನಡು ಒಂದು ಹೆಜ್ಜೆ ಸರಿದ್ರೆ ಹೂವೆಲ್ಲ ಕೆಟ್ಟು ಕೂರುತ್ತೆ. ಒಂದು ಸಲಾನೂ ಕೆಡಲಿಲ್ಲ. ಬಂಡೆ ಹಾಗೆ ನಿಲ್ತಿದ್ದ ನಿನ್ನ ಗಂಡ!

ಕಣ್ಣಲ್ಲಿ ನೀರು ಬಂತಾ? ಬರ್ಲಿ, ಬರ್ಲಿ ಬಿಡು. ಏನು ಮಾತಾಡ್ತಿದ್ದ ಅಂತಾನಾ? ನಿನ್ನ ವಿಷಯಾನೇ! ಇನ್ಯಾವ ವಿಷಯ? ಕತ್ತಲಲ್ಲಿ ಹಗ್ಗದ ಆ ತುದಿಯಿಂದ ಅವನ ದನಿ ಬರ್ತಿತ್ತು. "ಸಿರಿಲ್, ಮೇವಿಸ್‌ಗೆ ಇದನ್ನ ಒಂದಿನ ತೋರಿಸ್ಬೇಕು ಕಣೋ, ಅವಳಿಗೆ ಹೂವು ಅಂದ್ರೆ ಪ್ರಾಣ" ಅನ್ನೋನು. "ಅವಳು ಒಬ್ಬಳೇ ಮಲಗಿದಾಳೆ, ಪಾಪ" ಅನ್ನೋನು. ನಿಂತ್ಕೊಂಡೇ, ಮೆತ್ತಗೆ ಹಾಡ್ತಿದ್ದ ಕೂಡ. ಇಂಥ ಗಂಡನ ಮೇಲೆ ಸಂಶಯ ಪಟ್ಯಲ್ಲ ತಾಯಿ! ಇರಲಿ, ಇರಲಿ. ಗೊತ್ತಿರಲಿಲ್ಲ, ನಿನ್ನ ತಪ್ಪಲ್ಲ. ಸಂಜೆ ಇಬ್ಬರೂ ಹೋಗಿ ಕಲ್ಲಿನವನಿಗೆ ಹೇಳಿ ಬರೋಣ, ಏನಂತೀಯ? ಜಾಗ ಬಿಡಪ್ಪಾ, ಧಾರಾಳವಾಗಿ ಬಿಡು ಅಂತ...

ಏನದು?

ಏನಾಯ್ತು, ಸೊಂಟ ಹಿಡ್ಕೊಳ್ತಾ? ನಿಂತು ನಿಂತು ನೋವು ಬಂತಾ, ಕೂತ್ಕೋ ಅಂತ ಆಗ್ಲೇ ಹೇಳಿದ್ನಲ್ಲ... ಇಲ್ವಾ? ಮತ್ತೆ ಯಾಕೆ ಸೊಂಟದ ಮೇಲೆ ಕೈ ಇಟ್ಕೊಂಡು...

ಓ.

ಹೌದು. ಸೊಂಟ.

ಇಲ್ಲ, ಅದು... ನೋಡು, ಹಾಲಿನ ಕ್ರೇಟು ಎತ್ತಿ ಎತ್ತಿ ಅವನ ಸೊಂಟ ಹೋಗಿತ್ತು, ಅದು ನನಗೂ ಗೊತ್ತು. ಚರ್ಚಿನಲ್ಲಿ ಹಾಡಿಗೆ ಎಲ್ಲರೂ ಎದ್ದು ನಿಂತ್ರೂ ಅವನು ಕೂತೇ ಇರ್ತಿದ್ದ, ನಿಜ. ಗಡ್ಡ ಹೆರೆಯೋಕೂ ಸ್ಟೂಲು ಬೇಕಿತ್ತು, ನಿಜ. ಆದ್ರೆ ರಾತ್ರಿ... ರಾತ್ರಿ ತಂಪಿಗೆ ನೋವು ಅಷ್ಟಾಗಿ... ಒಂದೊಂದ್ಸಲ ನನ್ನ ಹೆಗಲ ಮೇಲೆ ಒರಗಿ... ಅಲ್ಲ, ನಾನು ಸುತ್ತ ನಡೀತಿದ್ದೆ... ಸ್ವಲ್ಪ ಹೊತ್ತು ನಿಂತು ಆಮೇಲೆ...

ಏನಾದ್ರೂ ಅನ್ನು ಮೇವಿಸ್. ಸುಳ್ಳುಗಾರ ಅನ್ನು. ಹಗ್ಗದ ಆ ತುದಿ ಹಿಡ್ಕೊಂಡು ಹಾಗೆ ಸುಮ್ಮನೆ ನಿಂತಿರ್ಬೇಡ, ನನಗೆ ತಡ್ಕೊಳ್ಳೋಕಾಗಲ್ಲ.

ಮೊದಲನೇ ಬೇಸಿಗೆ ಇದ್ದ. ಅಷ್ಟು ಮಾತ್ರ ನಂಬು. ಪಬ್ಬಿಂದ ಬರ್ತಾ ಇಬ್ಬರೂ ಜಿದ್ದಿಗೆ ಬಿದ್ದು ಮಾಡಿದ್ವಿ, ಹಗ್ಗ ಅವನದ್ದು, ಲೆಕ್ಕ ನಂದು. ನಕ್ಕು ನಕ್ಕು ಸಾಕಾಗಿತ್ತು. ನನ್ನ ಜೀವನದಲ್ಲಿ ಅಷ್ಟು ಸುಖವಾದ ರಾತ್ರಿ ಇನ್ನೊಂದಿಲ್ಲ. ಆಮೇಲೆ ಸೊಂಟ ಕೆಟ್ಟಿತು. ಆಮೇಲೆ... ಅವಳು ಸಿಕ್ಕಳು. ಮಾರ್ಲ್‌ಬರೋ ಪೇಟೇಲಿ. ಹೆಸರು ಕೇಳಬೇಡ. ವ್ಯಾನಲ್ಲಿ ನನ್ನನ್ನ ಕರ್ಕೊಂಡು ಬಂದು ಆ ಗೇಟಿನ ಹತ್ರ ಇಳಿಸೋನು, ಹಲಗೆ ಇಳಿಸಿ ಕೊಡೋನು, ಮುಂದೆ ಹೋಗೋನು. ವ್ಯಾನಿನ ದೀಪ ತಿರುವಿನಲ್ಲಿ ಮರೆಯಾಗೋವರೆಗೂ ನಾನು ನಿಂತು ನೋಡ್ತಿದ್ದೆ. ವರ್ಷಗಟ್ಟಲೆ ಎರಡು ಹಲಗೆ ತಂದೆ ಕಣಮ್ಮ, ಇವತ್ತಾದ್ರೂ ಇಳೀತಾನೇನೋ ಅಂತ. ಎಲ್ಲಾ ಗೂಟಾನೇ. ಎಲ್ಲಾ ವರ್ಷಾನೂ ಗೂಟಾನೇ. ಹೋಗೋ ಮುಂಚೆ ತೂತಿಗೆ ಸುಣ್ಣದ ಮಣ್ಣು ತುಂಬಿ, ಮೇಲೆ ಪೈರು ಹೆಣೆದು ಮುಚ್ತಿದ್ದೆ. ಬೆಳಗಿನ ಜಾವ ಬರೋನು, ಮೈಯೆಲ್ಲ ಯಾರದ್ದೋ ಸೋಪಿನ ವಾಸನೆ. "ಎಷ್ಟು ದಳ ಆಯ್ತೋ ಮೇಷ್ಟ್ರೇ?" ಅಂತ ನಗೋನು. ಒಂದು ದಿನಾನೂ ಇಳಿದು ನೋಡ್ಲಿಲ್ಲ.

ಈ ಏಳನ್ನ ಅವನಿಗೆ ತೋರಿಸ್ಬೇಕು ಅಂತಾನೇ ಇಟ್ಕೊಂಡಿದ್ದೆ. ಹೋಗಲಿ ಬಿಡು.

ಅಳ್ತೀಯ ಅಂದ್ಕೊಂಡೆ. ಕೈಚೀಲ ತಗೊಂಡು ತಲೆ ಮೇಲೆ ಹೊಡೀತೀಯ ಅಂದ್ಕೊಂಡೆ. ನೀನು ನೋಡಿದ್ರೆ... ಹ್ಞೂಂ ಅಂತ ತಲೆ ಆಡಿಸ್ತಿದೀಯ. ತರಗತೀಲಿ ಗೊತ್ತಿರೋ ಪಾಠ ಕೇಳೋ ಹುಡುಗಿ ಹಾಗೆ.

ಗೊತ್ತಿತ್ತಾ?

ಅವಳ ವಿಷಯ ನಿನಗೆ ಗೊತ್ತಿತ್ತಾ ಮೇವಿಸ್? ಮೊದಲಿಂದಾನಾ? ಅಯ್ಯೋ... ಹಾಗಾದ್ರೆ ಪ್ರತಿ ಭಾನುವಾರ, ನಿನ್ನ ಮೇಜಿನ ಹತ್ರ ಕೂತು, "ಈ ವಾರ ಮೀನು ಬಿತ್ತೇನೋ ವಿಲ್ಫ್?" ಅಂತ ನಾನು ಕೇಳ್ತಿದ್ದೆ, "ಎಷ್ಟುದ್ದ ಗೊತ್ತಾ!" ಅಂತ ಅವನು ಕೈ ಅಗಲಿಸ್ತಿದ್ದ, ನಾವಿಬ್ಬರೂ ನಗ್ತಿದ್ವಿ... ಆಗೆಲ್ಲ ನೀನು, ಎಲ್ಲಾ ಗೊತ್ತಿದ್ದೂ, ನನ್ನ ತಟ್ಟೆಗೆ ಇನ್ನೆರಡು ಆಲೂಗಡ್ಡೆ ಹಾಕ್ತಾ... ಪುದೀನ ಚಟ್ನಿ ಈ ಕಡೆ ಸರಿಸ್ತಾ... ದೇವರೇ.

ಯಾಕೆ ಹೇಳ್ಲಿಲ್ಲ ನಾನು? ಅದನ್ನೇ ಕೇಳ್ತಿದೀಯಲ್ಲ, ಆ ಕಣ್ಣಲ್ಲಿ? ಗೆಳೆಯನ ಮಾನ ಅಂತ ಹೇಳ್ಬಹುದು. ನಿನಗೆ ನೋವಾಗಬಾರದು ಅಂತ ಹೇಳ್ಬಹುದು. ಅದೆಲ್ಲ ಇರಲಿ. ಹೇಳಿದ್ರೆ ಆ ಮನೆ ಒಡೀತಿತ್ತು. ಒಡೆದಿದ್ರೆ ಭಾನುವಾರ ನಾನು ಎಲ್ಲಿಗೆ ಹೋಗ್ತಿದ್ದೆ? ನನಗೆ ಇದ್ದದ್ದೇ ಆ ಒಂದು ಮೇಜು. ಇವತ್ತೂ ಅದಕ್ಕೇ ಕರ್ಕೊಂಡು ಬಂದೆ. ಅವನನ್ನ ನಿನಗೆ ಒಳ್ಳೆಯವನನ್ನಾಗಿ ಮಾಡಿ ಕೊಟ್ರೆ, ನೀನು ಮತ್ತೆ ಬಾಗಿಲು ತೆಗೀತೀಯ ಅಂತ. ಆಗಲೇ ಊಟಕ್ಕೋಸ್ಕರ ಅಲ್ಲ ಅಂದೆ ನೋಡು. ಊಟಕ್ಕೇ. ಎಷ್ಟು ಸಣ್ಣ ಮನುಷ್ಯ ನಾನು.

ಹಗ್ಗ ಕೆಳಗೆ ಹಾಕಿಬಿಟ್ಯಾ? ಹೊರಟ್ಯಾ? ನಿಲ್ಲು, ಕಲ್ಲಿನ ಮಾತು... ಅವನಿಗೆ ಏನು ಹೇಳ್ತೀಯ? ಈಗ ಕೇಳೋ ಯೋಗ್ಯತೆ ನನಗಿಲ್ಲ, ಆದ್ರೂ ಕೇಳ್ತೀನಿ. ಅವನ ಹೆಸರೊಂದೇನಾ? ತಾಯಿ, ಅಷ್ಟು ಮಾಡಬೇಡ. ತಪ್ಪು ಅವನದ್ದೇ, ಆದ್ರೂ... ಏನು ಅದು, ಕೈಯಲ್ಲಿ? ಒಂದು ಕೈ ಮೇಲೆ... ಒಂದು ಕೈ ಅದರ ಕೆಳಗೆ... ಅವನ ಹೆಸರು, ಕೆಳಗೆ ನಿನ್ನ ಹೆಸರಾ? ಬಿಡ್ತೀಯಾ ಜಾಗ? ಇಷ್ಟೆಲ್ಲ ಆದ್ಮೇಲೂ! ಏನು... ಹೇಳಿ ಆಗಿದೆಯಾ? ಬೆಳಿಗ್ಗೇನೇ ಹೋಗಿ ಹೇಳಿ ಬಂದ್ಯಾ, ನಾನು ಬಾಗಿಲು ತಟ್ಟೋ ಮುಂಚೆ?

ಹಾಗಾದ್ರೆ ಈ ಬಿಸಿಲಲ್ಲಿ ಇಷ್ಟು ದೂರ ನನ್ನ ಜೊತೆ ಯಾಕೆ...

ನಾನು ಏನು ಹೇಳ್ತೀನೋ ಅಂತ.

ಗಂಡನ ಜೊತೆ ಜಗಳ ಯಾವತ್ತೋ ಆಡಿ ಮುಗಿಸಿದೀಯ ಅಂತ ಕಾಣುತ್ತೆ. ಅತ್ತಿದೀಯ, ಬೈದಿದೀಯ, ಕ್ಷಮಿಸಿದೀಯ. ಅವನು ನಿನ್ನವನು. ನನ್ನ ಜೊತೆ ಜಗಳ ಆಡೋಕೆ ನಾನು ನಿನಗೆ ಅವಕಾಶಾನೇ ಕೊಡಲಿಲ್ಲ, ಅಲ್ವಾ? ಇವತ್ತು ಕೊಡ್ತೀನೇನೋ ಅಂತ ನೀನು ಬಂದೆ. ನಾನು ಏಳು ದಳ ತೋರಿಸ್ತಾ ನಿಂತೆ.

ಮೇವಿಸ್, ಸ್ವಲ್ಪ ನಿಧಾನ. ಕಾರು ಈ ಕಡೆ... ನಡ್ಕೊಂಡೇ ಹೋಗ್ತೀಯಾ? ಬಿಸಿಲಿದೆ. ಆಯ್ತು, ಆಯ್ತು, ಜೊತೆಗೆ ಬರಲ್ಲ. ಒಂದೇ ಮಾತು. ಈ ಭಾನುವಾರ... ಊ‍ಟ ಬೇಡ, ಊಟ ಏನೂ ಬೇಡ. ಹಿತ್ತಲ ಬಾಗಿಲಿಂದ ಬಂದು ಒಂದು ಲೋಟ ಟೀ ಕುಡಿದು ಹೋಗಿಬಿಡ್ತೀನಿ. ಮಾತೂ ಆಡಲ್ಲ. ಬರ್ಲಾ?

ಬೇಡ ಅಂತಾನಾದ್ರೂ ಅನ್ನು. ತಿರುಗಿ ನೋಡಿ ಬೇಡ ಅಂದ್ರೂ ಸಾಕು...

ಮೇವಿಸ್? ಬರ್ಲಾ?